ಬೈಕ್ ಸರ್ವಿಸ್: ಶೋರೂಮಿಗೆ ಬಿಡೋದೋ, ಅಂಗಳದಲ್ಲೇ ಮಾಡೋದೋ?

ಪ್ರಶ್ನೆ: ಸ್ಪ್ಲೆಂಡರ್ ಪ್ಲಸ್ ತೆಗೆದುಕೊಂಡು ಎರಡು ವರ್ಷವಾಯಿತು, 19,000 ಕಿ.ಮೀ. ಓಡಿದೆ. ಫ್ರೀ ಸರ್ವಿಸ್ ಎಲ್ಲ ಮುಗಿದವು. ಕಳೆದ ಸಲ ಪೇಯ್ಡ್ ಸರ್ವಿಸ್‌ಗೆ 1,640 ರೂಪಾಯಿ ಬಿಲ್ ಬಂತು. ಆಯಿಲ್ ಬಿಟ್ಟರೆ ಬದಲಾಯಿಸಿದ್ದು ಏನೂ ಇಲ್ಲ. ಇನ್ನು ಮುಂದೆ ಮನೆಯಲ್ಲೇ ಮಾಡಿಕೊಳ್ಳಬಹುದೇ? ವಾರಂಟಿ ಹೋಗುತ್ತದೆ ಎಂದು ಶೋರೂಮಿನವರು ಹೆದರಿಸುತ್ತಾರೆ.
– ಓದುಗರು, ತುಮಕೂರು

ಉತ್ತರ: ಅವರು ಹೇಳುವುದರಲ್ಲಿ ನಿಜವಿದೆ. ನಿಮ್ಮ ಬೈಕಿಗೆ ಹೀರೋ ಕೊಡುವ ವಾರಂಟಿ 5 ವರ್ಷ ಅಥವಾ 70,000 ಕಿ.ಮೀ., ಯಾವುದು ಮೊದಲೋ ಅದು. ಫ್ರೀ ಮತ್ತು ಪೇಯ್ಡ್ ಸರ್ವಿಸ್‌ಗಳನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲೇ, ಹೇಳಿದ ಅಂತರಕ್ಕೆ ಮಾಡಿಸಿರಬೇಕು ಎಂಬುದು ಅದರ ಷರತ್ತು. ನಾಳೆ ಎಂಜಿನ್ನಿನಲ್ಲಿ ತಯಾರಿಕೆಯ ದೋಷ ಕಂಡರೆ ಅವರು ಮೊದಲು ತಿರುವಿ ನೋಡುವುದೇ ಸರ್ವಿಸ್ ದಾಖಲೆಯನ್ನು. ನಿಮಗೆ ಇನ್ನೂ ಮೂರು ವರ್ಷ ಬಾಕಿ ಇದೆ, ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ವರ್ಷದ ಮೂರು ನಾಲ್ಕು ಬಿಲ್ ದೊಡ್ಡದಲ್ಲ. ಅಲ್ಲಿಯವರೆಗೆ ಶೋರೂಮನ್ನು ಬಿಡಬೇಡಿ.

ಆದರೆ ವಾರಂಟಿ ಕಾಯುವುದು ತಯಾರಿಕೆಯ ದೋಷವನ್ನು ಮಾತ್ರ. ಬ್ರೇಕ್ ಶೂ, ಚೈನ್ ಸೆಟ್, ಕೇಬಲ್, ಬಲ್ಬು ಸವೆದರೆ ಅದು ನಿಮ್ಮ ಖರ್ಚೇ. ಸವೆಯುವ ಈ ಭಾಗಗಳ ಕೆಲಸ ಮೂರು ನಾಲ್ಕು ತಿಂಗಳಿಗೊಮ್ಮೆ ಬರುವ ಸರ್ವಿಸ್‌ವರೆಗೆ ಕಾಯುವಂಥದ್ದೂ ಅಲ್ಲ. ಟಯರ್ ಗಾಳಿ ವಾರಕ್ಕೊಮ್ಮೆ, ಚೈನ್ ಹದಿನೈದು ದಿನಕ್ಕೊಮ್ಮೆ, ಆಯಿಲ್ ಮಟ್ಟ ತಿಂಗಳಿಗೊಮ್ಮೆ ನೋಡಬೇಕು. ಇವನ್ನು ಮನೆಯಲ್ಲಿ ಮಾಡಿದರೆ ವಾರಂಟಿಗೆ ಧಕ್ಕೆಯಿಲ್ಲ. ಓನರ್ಸ್ ಮ್ಯಾನ್ಯುಯಲ್ ಇವನ್ನು ಮಾಲೀಕರ ಕೆಲಸವೆಂದೇ ಹೇಳುತ್ತದೆ.

ಪ್ರಶ್ನೆ: ನಮ್ಮದು 2014ರ ಸ್ಪ್ಲೆಂಡರ್. ವಾರಂಟಿ ಮುಗಿದು ಎಷ್ಟೋ ವರ್ಷವಾಯಿತು. ಆಯಿಲ್ ಬದಲಾಯಿಸುವುದನ್ನು ಮನೆಯಲ್ಲೇ ಕಲಿಯಬೇಕು. ಏನೇನು ಬೇಕು, ಎಲ್ಲಿ ಎಡವಟ್ಟಾಗುತ್ತದೆ?
– ಓದುಗರು, ತೀರ್ಥಹಳ್ಳಿ

ಉತ್ತರ: 17 ನಂಬರಿನ ರಿಂಗ್ ಸ್ಪ್ಯಾನರ್, ಅಗಲ ಬಾಯಿಯ ಹಳೆ ಡಬ್ಬ, ಫನೆಲ್, ಬಟ್ಟೆ, ಎಂಜಿನ್ ತಳದಲ್ಲಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಹೊಸ ಅಲ್ಯೂಮಿನಿಯಂ ವಾಶರ್ ಒಂದು. ವಾಶರಿಗೆ ಕೆಲವೇ ರೂಪಾಯಿ. ಹಳೆಯದು ಒಮ್ಮೆ ಒತ್ತಿ ಚಪ್ಪಟೆಯಾಗಿರುತ್ತದೆ, ಅದನ್ನೇ ಮತ್ತೆ ಹಾಕಿದರೆ ಜಿನುಗುತ್ತದೆ. ಜಿನುಗು ನಿಲ್ಲಿಸಲು ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತೀರಿ, ಕೊನೆಗೆ ತ್ರೆಡ್ಡೇ ಹೋಗುತ್ತದೆ. ಮನೆಯಲ್ಲಿ ಆಗುವ ದೊಡ್ಡ ಅನಾಹುತ ಇದೇ.

ಆಯಿಲ್ 10ಡಬ್ಲ್ಯು-30 ದರ್ಜೆಯದು, ಡಬ್ಬಿಯ ಮೇಲೆ ‘ಜಾಸೋ ಎಂಎ’ (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ಲಿನ ಗುರುತು) ಎಂದು ಇರಲೇಬೇಕು. ‘ಎಂಬಿ’ ಇದ್ದರೆ ಅದು ಸ್ಕೂಟರಿನದು. ನಿಮ್ಮ ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಎಂಬಿ ಆಯಿಲ್ ಅಥವಾ ಕಾರಿನ ಆಯಿಲ್ ಜಾರುಗುಣ ಹೆಚ್ಚಿನದು, ಹಾಕಿದರೆ ಕ್ಲಚ್ ಹಿಡಿಯುವುದಿಲ್ಲ. ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ.

ಎಂಜಿನ್ನನ್ನು ಮೂರು ನಾಲ್ಕು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿನ ಆಯಿಲ್ ಸಲೀಸಾಗಿ ಇಳಿಯುತ್ತದೆ, ತಳದ ಕೆಸರನ್ನೂ ಎಳೆದು ತರುತ್ತದೆ. ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಆಯಿಲ್ ಮಟ್ಟ ಅಳೆಯುವ ಮೇಲಿನ ಡಿಪ್‌ಸ್ಟಿಕ್ ಬಿಚ್ಚಿ, ಕೆಳಗೆ ಡಬ್ಬ ಇಟ್ಟು ಡ್ರೈನ್ ಬೋಲ್ಟ್ ಸಡಿಲಿಸಿ. ಕೆಳಗೆ ಮಲಗಿ ಮೇಲಕ್ಕೆ ನೋಡುವಾಗ ಎಡ ಬಲ ಗೊಂದಲವಾಗುವುದು ಇಲ್ಲೇ: ಬೋಲ್ಟಿನ ತಲೆ ನಿಮ್ಮ ಮುಖದ ಕಡೆಗಿದೆ, ಆ ತಲೆಯನ್ನು ನೋಡುತ್ತಾ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಹೊಗೆಬಣ್ಣದ ಧಾರೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಬರಬರುತ್ತ ಬೋಲ್ಟಿನ ಕೆಳಗೇ ಬೀಳುತ್ತದೆ. ಡಬ್ಬವನ್ನು ಅದಕ್ಕೆ ತಕ್ಕಂತೆ ಸರಿಸಿ. ಹತ್ತು ನಿಮಿಷ ಬಿಡಿ, ಆಮೇಲೆ ಕೀ ಆಫ್ ಇರುವಾಗಲೇ ನಾಲ್ಕೈದು ಕಿಕ್ ಹೊಡೆದರೆ ಒಳಗೆ ಉಳಿದಿದ್ದೂ ಬರುತ್ತದೆ.

ಬೋಲ್ಟನ್ನು ಮೊದಲು ಬೆರಳಲ್ಲೇ ಕೂರಿಸಿ. ಮೂರು ನಾಲ್ಕು ಸುತ್ತು ಬೆರಳಲ್ಲಿ ಸರಾಗವಾಗಿ ಹೋಗದಿದ್ದರೆ ಅಡ್ಡ ಕೂತಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ. ಬೋಲ್ಟು ಉಕ್ಕಿನದು, ಎಂಜಿನ್ ಕೇಸ್ ಅಲ್ಯೂಮಿನಿಯಂ. ಸೋಲುವುದು ಯಾವಾಗಲೂ ಕೇಸೇ. ಬಿಗಿ ಸುಮಾರು 25 ನ್ಯೂಟನ್ ಮೀಟರ್ ಸಾಕು. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಗಿಡ್ಡ ಸ್ಪ್ಯಾನರನ್ನು ಒಂದೇ ಕೈಯಲ್ಲಿ, ಮೈಭಾರ ಹಾಕದೆ ಎಳೆಯಲಿ. ಸ್ಪ್ಯಾನರಿಗೆ ಪೈಪ್ ತೂರಿಸಿ ಎಳೆಯುವುದು ಬೇಡವೇ ಬೇಡ.

ಹೊಸ ಆಯಿಲ್ 900 ಎಂ.ಎಲ್. ಡಬ್ಬಿಯಲ್ಲಿ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ, ಹಳೆಯದು ಒಂದಿಷ್ಟು ಒಳಗೇ ಉಳಿದಿರುತ್ತದೆ. 700 ಎಂ.ಎಲ್. ಹಾಕಿ, ಎಂಜಿನ್ ಒಂದೆರಡು ನಿಮಿಷ ಓಡಿಸಿ, ಆಫ್ ಮಾಡಿ ಮೂರು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿ. ಕಡ್ಡಿಯನ್ನು ಒರೆಸಿ ತೂತಿನಲ್ಲಿ ಇಳಿಬಿಡಬೇಕು, ತಿರುಗಿಸಿ ಮುಚ್ಚಿ ತೆಗೆದರೆ ಮಟ್ಟ ಹೆಚ್ಚಾಗಿ ತೋರುತ್ತದೆ. ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರ ಬರುವವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಹೆಚ್ಚಾದರೂ ಕೇಡು: ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗಿ ಫಿಲ್ಟರ್ ತೊಯ್ಯುತ್ತದೆ, ಎಂಜಿನ್ ಭಾರವಾಗಿ ಎಳೆಯುತ್ತದೆ.

ಈ ಎಂಜಿನ್ನಿನಲ್ಲಿ ಬದಲಾಯಿಸುವ ಪೇಪರ್ ಆಯಿಲ್ ಫಿಲ್ಟರ್ ಇಲ್ಲ. ಕಸ ಹಿಡಿಯುವುದು ಕ್ಲಚ್ ಕವರಿನ ಒಳಗಿನ ಜಾಲರಿ ಮತ್ತು ಗಿರ್ರನೆ ತಿರುಗುವ ಸೆಂಟ್ರಿಫ್ಯೂಗಲ್ ಫಿಲ್ಟರ್. ಅವನ್ನು ತೊಳೆಯಲು ಕವರ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಕೂರಿಸಬೇಕು. ಅದನ್ನು ನಂಬಿಕೆಯ ಮೆಕ್ಯಾನಿಕ್‌ಗೆ ಬಿಡಿ. ಹಳೆ ಆಯಿಲ್ಲನ್ನು ಚರಂಡಿಗೋ ತೋಟದ ಕಾಲುವೆಗೋ ಸುರಿಯಬೇಡಿ. ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ಸರ್ವಿಸ್ ಮಾಡಿಸಿ ಹದಿನೈದೇ ದಿನಕ್ಕೆ ಚೈನ್ ಕವರಿನಿಂದ ಟಕಟಕ ಸದ್ದು ಶುರು. ಮೆಕ್ಯಾನಿಕ್ ಸರಿಯಾಗಿ ಮಾಡಿಲ್ಲವೇ? ಬೈಕ್ 100 ಸಿಸಿ, ದಿನಾ 60 ಕಿ.ಮೀ., ಮಣ್ಣುರಸ್ತೆ.
– ಓದುಗರು, ರಾಯಚೂರು

ಉತ್ತರ: ಮೆಕ್ಯಾನಿಕ್ಕನ್ನು ದೂರಬೇಡಿ. ಹದಿನೈದು ದಿನಕ್ಕೆ ನೀವು 900 ಕಿ.ಮೀ. ಓಡಿಸಿದ್ದೀರಿ, ಆ ಧೂಳಿನಲ್ಲಿ ಚೈನ್ ಅಷ್ಟರಲ್ಲಿ ಸಡಿಲವಾಗುವುದು ಸಹಜ. ಕವರಿನಲ್ಲಿರುವ ರಬ್ಬರ್ ಮುಚ್ಚಳ ತೆಗೆದು, ಚೈನಿನ ಕೆಳಸಾಲನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಇಂಥ ಬೈಕುಗಳಿಗೆ ಆಟ 20ರಿಂದ 30 ಮಿ.ಮೀ. ಇರಬೇಕು. ಹಿಂದಿನ ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿಯಿದೆಯೋ ಅಲ್ಲಿಯ ಅಳತೆಯೇ ಲೆಕ್ಕ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದಿದ್ದರೆ ಚೈನ್ ಮುಗಿಯಿತು. ಆಗ ಚೈನ್ ಒಂದನ್ನೇ ಹಾಕಬೇಡಿ, ಎರಡೂ ಸ್ಪ್ರಾಕೆಟ್ (ಹಲ್ಲುಚಕ್ರ) ಸೇರಿಸಿ ಸೆಟ್ಟೇ ಬದಲಾಯಿಸಿ. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ.

ಬಿಗಿ ಮಾಡುವಾಗ ಆಕ್ಸಲ್ ನಟ್ಟನ್ನೂ, ಚೈನ್ ಬದಿಯ ಸ್ಲೀವ್ ನಟ್ಟಿದ್ದರೆ ಅದನ್ನೂ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರುಗಳನ್ನು ಸಮಸಮ ತಿರುಗಿಸಿ. ಎಡ ಬಲದ ಗುರುತು ಒಂದೇ ಮನೆಯಲ್ಲಿರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗಿ ಟಯರೂ ಸ್ಪ್ರಾಕೆಟ್ಟೂ ಒಂದು ಬದಿ ಸವೆಯುತ್ತವೆ. ಸದ್ದು ಪೂರ್ತಿ ಹೋಗಲಿ ಎಂದು ಬಿಗಿದು ಕಟ್ಟಿದರೆ, ಸವಾರ ಕೂತಾಗ ಚೈನ್ ಇನ್ನೂ ಎಳೆದು ಗೇರ್ ಬಾಕ್ಸಿನ ಬೇರಿಂಗ್ ಹಾಳಾಗುತ್ತದೆ. ಸಡಿಲವಾದ ಚೈನ್ ಸದ್ದು ಮಾಡಿ ಎಚ್ಚರಿಸುತ್ತದೆ, ಬಿಗಿಯಾದದ್ದು ಸುಮ್ಮನೆ ಕೆಡಿಸುತ್ತದೆ.

ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಬ್ರೇಕಿನ ರಾಡ್ ತಾನೇ ಬಿಗಿಯಾಗುತ್ತದೆ. ಚೈನ್ ಬಿಗಿ ಮಾಡಿದ ಮೇಲೆ ಬ್ರೇಕ್ ಪೆಡಲಿನ ಆಟವನ್ನೂ 20ರಿಂದ 30 ಮಿ.ಮೀ.ಗೆ ಹೊಂದಿಸಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ, ಬ್ರೇಕ್ ಲೈಟ್ ಪರೀಕ್ಷಿಸಿ. ಚೈನಿಗೆ ಗ್ರೀಸ್ ಬೇಡ, ಧೂಳನ್ನು ಹಿಡಿದು ಸಾಣೆಯಂತೆ ಅರೆಯುತ್ತದೆ. ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ಒರೆಸಿ, 90 ನಂಬರ್ ಗೇರ್ ಆಯಿಲ್ ತೆಳ್ಳಗೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಚೈನ್ ಲಾಕ್ ಬಿಚ್ಚಿದ್ದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಲಿ, ತಿರುಗಿಸಿ ಹಾಕಿದರೆ ದಾರಿಯಲ್ಲಿ ಎಗರಿಹೋಗುತ್ತದೆ.

ಪ್ರಶ್ನೆ: ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಏನೇನೋ ಸೇರಿಸುತ್ತಾರೆ. ಯಾವುದನ್ನು ಬೇಡ ಅನ್ನಬಹುದು?
– ಓದುಗರು, ಬೆಂಗಳೂರು

ಉತ್ತರ: ಮ್ಯಾನ್ಯುಯಲ್ಲಿನ ಸರ್ವಿಸ್ ಪಟ್ಟಿಯ ಹಾಳೆಯನ್ನು ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಂಡು ಹೋಗಿ. ನಿಮ್ಮ ಕಿ.ಮೀ.ಗೆ ಅದರಲ್ಲಿ ಇಲ್ಲದ್ದು ಎಂಜಿನ್ ಫ್ಲಶ್, ಟೆಫ್ಲಾನ್ ಕೋಟಿಂಗ್, ಪೆಟ್ರೋಲಿಗೆ ಹಾಕುವ ಬಾಟಲಿ. ಮೂರನ್ನೂ ಬೇಡ ಎಂದು ಕಾರ್ಡಿನಲ್ಲೇ ಬರೆಸಿ. ಬದಲಾಯಿಸಿದ ಹಳೆ ಭಾಗಗಳನ್ನು ಕೇಳಿ ಪಡೆಯಿರಿ. ನೀವು ಕಂಡ ದೋಷವನ್ನು ‘ಜನರಲ್ ಚೆಕಪ್’ ಎಂದು ಬರೆಯಲು ಬಿಡದೆ, ‘40ರ ವೇಗದಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್ ನಡುಗುತ್ತದೆ’ ಎಂಬಷ್ಟು ಬಿಡಿಸಿ ಬರೆಸಿ. ಹಾಗೆ ಬರೆದದ್ದನ್ನು ಮೆಕ್ಯಾನಿಕ್ ಓಡಿಸಿ ನೋಡಬೇಕಾಗುತ್ತದೆ. ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದಾರೆ, ಹೇಳಿದರೂ ಕೇಳುತ್ತಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಪ್ರಶ್ನೆ: ನನ್ನದು ಬಿಎಸ್6 ಬೈಕ್, ಮುಂದೆ ಡಿಸ್ಕ್ ಬ್ರೇಕ್. ತಿಂಗಳಿಗೆರಡು ಸಲ ಚಾರ್ಮಾಡಿ ಘಾಟಿಯಲ್ಲಿ ಹೋಗಿಬರುತ್ತೇನೆ. ಯಾವುದಕ್ಕೆ ಮನೆಯಲ್ಲಿ ಕೈ ಹಾಕಬಾರದು?
– ಓದುಗರು, ಮಂಗಳೂರು

ಉತ್ತರ: 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್6 (ಹೊಗೆ ನಿಯಂತ್ರಣದ ಮಾನದಂಡ) ಬೈಕುಗಳಲ್ಲಿ ಸಾಮಾನ್ಯವಾಗಿ ಇಂಧನವನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಅಳೆದು ಕೊಡುತ್ತದೆ. ಕೀ ಹಾಕಿದಾಗ ಹತ್ತುವ ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೂ ಆರದಿದ್ದರೆ ದೋಷ ಓದುವ ಸ್ಕ್ಯಾನರ್ ಇರುವಲ್ಲಿಗೆ ಹೋಗಿ. ಅದಕ್ಕೂ ಮೊದಲು ಬ್ಯಾಟರಿ ಟರ್ಮಿನಲ್ ಸಡಿಲವಿದೆಯೇ, ಉಪ್ಪುಗಾಳಿಗೆ ಹಸಿರು ಕಟ್ಟಿದೆಯೇ ನೋಡಿ. ಕೀ ಆಫ್ ಮಾಡಿ ಮೈನಸ್ ತಂತಿಯನ್ನೇ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಪ್ರೆಶರ್ ನೀರನ್ನು ವೈರಿಂಗ್ ಜೋಡಣೆಗೂ ಚಕ್ರದ ಬೇರಿಂಗಿಗೂ ಹಿಡಿಯಬೇಡಿ.

ಘಾಟಿ ಇಳಿಯುವವರು ಗಮನಿಸಬೇಕಾದದ್ದು ಬ್ರೇಕ್ ಫ್ಲೂಯಿಡ್, ಅಂದರೆ ಲಿವರ್ ಒತ್ತಿದ್ದನ್ನು ಡಿಸ್ಕ್ ಬ್ರೇಕಿಗೆ ಮುಟ್ಟಿಸುವ ದ್ರವ. ಅದು ಗಾಳಿಯ ತೇವ ಹೀರುತ್ತದೆ, ಕರಾವಳಿಯಲ್ಲಂತೂ ತೇವಕ್ಕೆ ಬರವಿಲ್ಲ. ತೇವ ಸೇರಿದ ಫ್ಲೂಯಿಡ್ ಇಳಿಜಾರಿನ ಬಿಸಿಗೆ ಬೇಗ ಕುದಿಯುತ್ತದೆ, ಲಿವರ್ ಹಿಡಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಹ್ಯಾಂಡಲ್ ಮೇಲಿನ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ದರ್ಜೆಯದನ್ನೇ ಹಾಕಿಸಿ. ಒಳಗೆ ಗಾಳಿಗುಳ್ಳೆ ಉಳಿದರೆ ಬ್ರೇಕೇ ಇಲ್ಲದಂತೆ, ಆದ್ದರಿಂದ ಇದನ್ನು ತಿಳಿದವರ ಕೈಗೇ ಬಿಡಿ. ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದು ಸುಮ್ಮನೆ ತುಂಬಿಸಲೂಬೇಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುತ್ತದೆ, ಮೊದಲು ಪ್ಯಾಡ್ ನೋಡಿ. ತುಂಬಿಸಿ ಆಮೇಲೆ ಹೊಸ ಪ್ಯಾಡ್ ಹಾಕಿದರೆ ಪಿಸ್ಟನ್ ಹಿಂದಕ್ಕೆ ಸರಿದು ಫ್ಲೂಯಿಡ್ ಉಕ್ಕಿ ಟ್ಯಾಂಕಿನ ಮೇಲೆ ಬೀಳುತ್ತದೆ, ಬಿದ್ದ ಕಡೆ ಬಣ್ಣ ಏಳುತ್ತದೆ. ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ.