ಪ್ರತಿಕ್ರಿಯೆ: ಬೇರೆ ರಾಜ್ಯದ ಕಂಪನಿಯ ಹೆಸರನ್ನು ಹೋಲುತ್ತದೆ ಅಂತ ನಮ್ಮ ಹೊಸ ಕಂಪನಿಯ ಹೆಸರು ರಿಜೆಕ್ಟ್ ಆದದ್ದು ಯಾಕೆ?

ಬೇರೆ ರಾಜ್ಯದಲ್ಲಿ ಈಗಾಗಲೇ ಇರುವ ಕಂಪನಿಯ ಹೆಸರಿಗೇ ನೀವು ಕೊನೆಗೆ ಒಂದು 'ಎಸ್' ಸೇರಿಸಿ, ಮುಂದೆ 'ಮೈಸೂರು' ಅಂತ ಹಾಕಿದ್ದೀರಲ್ವಾ, ಬಹುಶಃ ಅದೇ ಕಾರಣ. ಹೆಸರಿನ ಪರಿಶೀಲನೆ ಈಗ ರಾಜ್ಯವಾರು ಅಲ್ಲ. 2016ರಿಂದ ಸೆಂಟ್ರಲ್ ರಿಜಿಸ್ಟ್ರೇಷನ್ ಸೆಂಟರ್ (ಕಂಪನಿ ನೋಂದಣಿ ನೋಡುವ ಕೇಂದ್ರ ಸರ್ಕಾರದ ಕಚೇರಿ) ಇಡೀ ದೇಶಕ್ಕೆ ಒಂದೇ ಕಡೆ ನೋಡುತ್ತದೆ. ಕಂಪನಿ ಸ್ಥಾಪನೆ ಕುರಿತ 2014ರ ಇನ್‌ಕಾರ್ಪೊರೇಷನ್ ನಿಯಮಗಳಲ್ಲಿ 8ನೇ ನಿಯಮ ಓದಿ: ಬಹುವಚನ, ಸ್ಪೇಸ್, ಚುಕ್ಕಿ, ಬೇಕೆಂದೇ ಬದಲಿಸಿದ ಸ್ಪೆಲ್ಲಿಂಗ್, ಊರಿನ ಹೆಸರು, ಇವು ಯಾವುವೂ ಬೇರೆ ಹೆಸರು ಅನ್ನಿಸಿಕೊಳ್ಳುವುದಿಲ್ಲ.

ಮೊದಲು ಬಂದಿರುವ ಪತ್ರ ನೋಡಿ. 'ರೀಸಬ್ಮಿಷನ್' ಅಂತಿದ್ದರೆ 15 ದಿನದೊಳಗೆ ಅದೇ ಅರ್ಜಿಯಲ್ಲಿ ತಿದ್ದಿ ಕಳಿಸಬಹುದು. ಪೂರ್ತಿ ರಿಜೆಕ್ಟ್ ಆಗಿದ್ದರೆ ಸ್ಪೈಸ್ ಪ್ಲಸ್ ಪಾರ್ಟ್ ಎ (ಹೆಸರು ಕಾಯ್ದಿರಿಸುವ ಆನ್‌ಲೈನ್ ಅರ್ಜಿ) ಹೊಸದಾಗಿ ತುಂಬಬೇಕು, ಶುಲ್ಕ 1,000 ರೂಪಾಯಿ ಮತ್ತೆ ಕಟ್ಟಬೇಕು. ಅದಕ್ಕೇ ಸುಮ್ನೆ ಅವಸರ ಮಾಡಬೇಡಿ. ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಕಂಪನಿ ಮತ್ತು ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ) ಎರಡನ್ನೂ ಹುಡುಕಿ, ಆಮೇಲೆ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚ್‌ನಲ್ಲಿ ನಿಮ್ಮ ಕ್ಲಾಸ್ (ಸರಕು ಅಥವಾ ಸೇವೆಯ ವರ್ಗ) ಹಾಕಿ 'ಫೊನೆಟಿಕ್' ಆಯ್ಕೆಯಲ್ಲೂ ಹುಡುಕಿ, ಯಾಕಂದ್ರೆ ಉಚ್ಚಾರ ಒಂದೇ ಇದ್ದರೂ ತಕರಾರು ಬರುತ್ತದೆ, ಜಾಸ್ತಿ ಜನ ಇದನ್ನೇ ಬಿಡುತ್ತಾರೆ.

ಅದೇ ಹೆಸರು ಬೇಕೇ ಬೇಕು ಅಂದ್ರೆ ಆ ಕಂಪನಿಯ ಬೋರ್ಡ್ ನಿರ್ಣಯದ ಮೂಲಕ ಆಕ್ಷೇಪಣೆ ಇಲ್ಲ ಅಂತ ಬರೆಸಿಕೊಂಡು ಲಗತ್ತಿಸಿ. ನನಗನ್ನಿಸುವುದು, ಮುಖ್ಯ ಪದವನ್ನೇ ಬದಲಿಸುವುದು ಒಳ್ಳೆಯದು. ಕೊನೆಯ ತೀರ್ಮಾನ ಅಧಿಕಾರಿಯದು, ಖಂಡಿತ ಸಿಗುತ್ತದೆ ಅಂತ ಹೇಳಲಾರೆ. ಒಂದೇ ಅರ್ಜಿಯಲ್ಲಿ ಎರಡು ಹೆಸರು ಕೊಡಬಹುದು, ಎರಡನ್ನೂ ಕೊಡಿ. ಒಪ್ಪಿಗೆ ಸಿಕ್ಕ ಹೆಸರು 20 ದಿನ ನಿಮ್ಮದು, ಅಷ್ಟರೊಳಗೆ ಪಾರ್ಟ್ ಬಿ (ಕಂಪನಿ ನೋಂದಣಿಯ ಅರ್ಜಿ) ಸಲ್ಲಿಸಿಬಿಡಿ.