ಕರಡಿಯ ಎದುರು ನಿಂತುಹೋದ ಮಾತು: ಒಂದು ಆಪ್ತಸಲಹೆ ಪ್ರಕರಣ

(ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಸಿಂಗಪುರದಲ್ಲಿ ನೆಲೆಸಿರುವ ಈ ಕನ್ನಡಿಗ ದಂಪತಿ ವಿಡಿಯೊ ಕರೆಯ ಮೂಲಕ ನನ್ನನ್ನು ಸಂಪರ್ಕಿಸಿದಾಗ, ಊಟ, ಬಟ್ಟೆ, ಬಿಲ್ಲುಗಳನ್ನು ಬಿಟ್ಟು ಅವರ ನಡುವೆ ಬೇರೆ ಮಾತು ನಿಂತು ಎರಡು ವಾರವಾಗಿತ್ತು. ಪತಿ ಸಾಫ್ಟ್‌ವೇರ್ ಉದ್ಯೋಗಿ. ಹೊಸಪೇಟೆ ಕಡೆಯವರಾದ ಪತ್ನಿ ಮದುವೆಗೆ ಮುನ್ನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಈಗ ಡಿಪೆಂಡೆಂಟ್ ಪಾಸ್ (ಅಲ್ಲಿ ಕೆಲಸ ಮಾಡುವವರ ಕುಟುಂಬದವರಿಗೆ ಸಿಗುವ ವಾಸದ ಪರವಾನಗಿ) ಮೇಲೆ ಅಲ್ಲಿದ್ದಾರೆ. ಜಗಳಕ್ಕೆ ನೆಪವಾದದ್ದು, ವಿವಾಹ ವಾರ್ಷಿಕೋತ್ಸವದ ದಿನ ಪತಿ ಪತ್ನಿಗೆ ತಿಳಿಸದೆ ಏರ್ಪಡಿಸಿದ್ದ ನೈಟ್ ಸಫಾರಿ ಭೇಟಿ.

ಮಂಡಾಯ್‌ನಲ್ಲಿರುವ ಈ ಉದ್ಯಾನ 1994ರಲ್ಲಿ ಆರಂಭವಾಯಿತು. ರಾತ್ರಿ ಸಂಚರಿಸುವ ಪ್ರಾಣಿಗಳಿಗೆಂದೇ ರೂಪುಗೊಂಡ ಜಗತ್ತಿನ ಮೊದಲ ಮೃಗಾಲಯ ಇದು. ಬೆಳದಿಂಗಳನ್ನು ಹೋಲುವ ಮಂದ ಬೆಳಕಿನಲ್ಲಿ ಸುಮಾರು 40 ನಿಮಿಷಗಳ ಟ್ರಾಮ್ ಸವಾರಿ, ಜೊತೆಗೆ ನಡೆದು ನೋಡುವ ಕಾಲುದಾರಿಗಳು. ಫ್ಲ್ಯಾಶ್ ಬಳಸಿ ಫೋಟೊ ತೆಗೆಯುವಂತಿಲ್ಲ. ಮುಖಾಮುಖಿ ಕೂತು ಮಾತಾಡಲಾಗದ ಗಂಡಹೆಂಡಿರಿಗೆ, ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಪಕ್ಕಪಕ್ಕದಲ್ಲಿ ಕೂರುವ ಇಂತಹ ಜಾಗ ನಿಜಕ್ಕೂ ಅನುಕೂಲಕರವೆಂಬುದು ನನ್ನ ಅನಿಸಿಕೆ. ಇವರ ವಿಷಯದಲ್ಲಿ ಹಾಗಾಗಲಿಲ್ಲ.

ಪತಿಯ ದೂರು ಚಿಕ್ಕದು. "ಟಿಕೆಟ್, ಊಟ, ಟ್ಯಾಕ್ಸಿ, ಎಲ್ಲ ಅವಳಿಗೋಸ್ಕರವೇ ಮಾಡಿದೆ, ಮನೆಗೆ ಬರುವಷ್ಟರಲ್ಲಿ ಮುಖ ಗಂಟು ಹಾಕಿಕೊಂಡಿದ್ದಳು" ಎಂದರು. ಪತ್ನಿಯಿಂದ ಕಾರಣ ಹೊರಬರಲು ಹೆಚ್ಚು ಹೊತ್ತು ಬೇಕಾಯಿತು. ಟ್ರಾಮ್ ಹೊರಟ ಸ್ವಲ್ಪ ಹೊತ್ತಿಗೆ ದಾವಣಗೆರೆಯಿಂದ ಅತ್ತೆಯ ವಿಡಿಯೊ ಕರೆ ಬಂತು. ಸಿಂಗಪುರದಲ್ಲಿ ಆಗ ರಾತ್ರಿ 9 ಗಂಟೆ, ದಾವಣಗೆರೆಯಲ್ಲಿ ಸಂಜೆ ಆರೂವರೆ, ದೀಪ ಹಚ್ಚಿ ಮಗನೊಡನೆ ಮಾತಾಡುವ ಹೊತ್ತು. ಪತಿ ಕರೆ ಸ್ವೀಕರಿಸಿ, ಪ್ರಾಣಿಗಳನ್ನು ತೋರಿಸಲೆಂದು ಫೋನನ್ನು ಹೊರಗೆ ಚಾಚಿದರು. ಪರದೆಯ ಬೆಳಕು ಇಬ್ಬರ ಮುಖದ ಮೇಲೂ ಬಿದ್ದು ಹಿಂದಿನ ಸೀಟಿನವರು ಗೊಣಗಿದರು. ಅದೇ ಹೊತ್ತಿಗೆ ಕರಡಿಯ ಆವರಣ ಬಂದಿತ್ತು.

ಚಿಕ್ಕವರಿದ್ದಾಗ ಪತ್ನಿಯನ್ನು ಅವರ ತಂದೆ ದರೋಜಿ ಕರಡಿಧಾಮಕ್ಕೆ ಕರೆದೊಯ್ಯುತ್ತಿದ್ದರಂತೆ. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿಟ್ಟಿರುತ್ತಾರೆ. ಇಳಿಹೊತ್ತಿಗೆ ಕರಡಿಗಳು ಗುಡ್ಡದಿಂದಿಳಿದು ನೆಕ್ಕುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ತಂದೆ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. "ಅಪ್ಪನ ವಿಷಯ ಹೇಳೋಣವೆಂದು ಇವರ ತೋಳು ಮುಟ್ಟಿದೆ. 'ಒಂದ್ನಿಮಿಷ ಇರೇ, ಅಮ್ಮ ನೋಡ್ತಿದ್ದಾರೆ' ಅಂದರು. ಅಷ್ಟರಲ್ಲಿ ಟ್ರಾಮ್ ಮುಂದೆ ಹೋಗಿತ್ತು." ಪತಿ ಇದನ್ನು ಕೇಳಿದ್ದು ನನ್ನೆದುರಿಗೇ, ಮೊದಲ ಸಲ.

ಇಷ್ಟನ್ನೇ ಹಿಡಿದು, ಫೋನ್ ದೂರವಿಡಿ ಎಂದು ಹೇಳಿ ಕಳುಹಿಸಬಹುದಿತ್ತು. ಆದರೆ ಪತ್ನಿ ಆಡಿದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸಿತು: "ಕರೆದುಕೊಂಡು ಹೋದರು, ತೋರಿಸಿದರು, ವಾಪಸ್ ಕರೆತಂದರು." ಸಿಂಗಪುರದಲ್ಲಿ ಡಿಪೆಂಡೆಂಟ್ ಪಾಸ್ ಇರುವವರು ನೌಕರಿ ಮಾಡಬೇಕಾದರೆ 2021ರ ಮೇ ತಿಂಗಳಿಂದ ಪ್ರತ್ಯೇಕ ಕೆಲಸದ ಪಾಸ್ ಪಡೆಯಬೇಕು. ಇವರಿಗೆ ಅದು ಕೈಗೂಡಿಲ್ಲ. ಸ್ವಂತ ಸಂಬಳವಿದ್ದ ಹೆಣ್ಣುಮಗಳು ತರಕಾರಿಯ ಖರ್ಚಿಗೂ ಲೆಕ್ಕ ಒಪ್ಪಿಸುವ ಸ್ಥಿತಿಗೆ ಬಂದಿರುವಾಗ, ಅವರನ್ನು ಕೇಳದೆ ನಿರ್ಧರಿಸಿದ ಔತಣವೂ ಉಪಕಾರದ ಪಟ್ಟಿಗೆ ಸೇರುತ್ತದೆ. ಇತ್ತೀಚೆಗೆ ಎಲ್ಲವನ್ನೂ 'ಸರ್‌ಪ್ರೈಸ್' ಮಾಡುವ ಉತ್ಸಾಹದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿದೆ. ಅದರಲ್ಲಿ ಆಯ್ಕೆಯ ಸಂತೋಷವೆಲ್ಲ ಕೊಡುವವರ ಪಾಲಾಗುತ್ತದೆ.

ಹಾಗಾಗಿ ಸಲಹೆಯನ್ನು ಹಣದಿಂದಲೇ ಆರಂಭಿಸಿದೆ. ಪ್ರತಿ ತಿಂಗಳು ಒಂದು ನಿಗದಿತ ಮೊತ್ತ ಪತ್ನಿಯ ಖಾತೆಗೆ ಹೋಗಬೇಕು, ಅದಕ್ಕೆ ಲೆಕ್ಕ ಕೇಳಕೂಡದು ಎಂದೆ. ಪತಿ ತಕ್ಷಣ ಒಪ್ಪಿದರು. ಮೊತ್ತ ಎಷ್ಟೆಂಬುದರ ಮೇಲೆ ಮಾತ್ರ ಚೌಕಾಸಿ ನಡೆಯಿತು. ತಾಯಿಯ ಕರೆಯನ್ನು ನಿಲ್ಲಿಸುವುದು ಸರಿಯಲ್ಲ, ಹಾಗೆಂದು ಪತ್ನಿಯೂ ಕೇಳಿರಲಿಲ್ಲ. ಎಂದಿನ ಮಾತುಕತೆಯನ್ನು ಸಿಂಗಪುರದ ರಾತ್ರಿ 8 ಗಂಟೆಗೆ, ಅಂದರೆ ದಾವಣಗೆರೆಯ ಸಂಜೆ ಐದೂವರೆಗೆ, ಹಿಂದೂಡಿಕೊಂಡು, ಹೊರಗೆ ಹೋಗುವ ದಿನ ಮುಂಚೆಯೇ ತಾಯಿಗೆ ತಿಳಿಸುವ ಹೊಣೆ ಮಗನದೇ ಎಂದು ಗೊತ್ತುಮಾಡಿದೆವು. ಈ ಸುದ್ದಿ ಸೊಸೆಯ ಬಾಯಿಂದ ಅತ್ತೆಗೆ ಮುಟ್ಟಕೂಡದು ಎಂಬುದನ್ನು ಒತ್ತಿ ಹೇಳಿದೆ.

ಮುಂದಿನ ಭೇಟಿಯ ಸ್ಥಳ, ದಿನ, ಹೋಗಬೇಕೇ ಬೇಡವೇ ಎಂಬುದೂ ಪತ್ನಿಯ ತೀರ್ಮಾನ. ಮತ್ತೆ ಅಲ್ಲಿಗೇ ಹೋಗುವುದಾದರೆ ಟ್ರಾಮ್‌ಗಿಂತ ಕಾಲುದಾರಿಗಳನ್ನು ಆಯ್ದುಕೊಳ್ಳಿ ಎಂದೆ. ಅಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ನಡೆಯುವವರ ಕೈಯಲ್ಲಿರುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಪ್ರಖರವಾದ ಪರದೆಯನ್ನು ಒಮ್ಮೆ ನೋಡಿದರೂ ಆ ಹೊಂದಾಣಿಕೆ ಕೆಡುತ್ತದೆ. ಆದ್ದರಿಂದ ಫೋನುಗಳು ಒಳಗೆ ಕಾಲಿಡುವ ಮುಂಚೆಯೇ ಚೀಲ ಸೇರಲಿ ಎಂದೂ ತಿಳಿಸಿದೆ.

ಪತಿ ಕ್ಷಮೆ ಕೇಳಲು ಮುಂದಾದಾಗ ತಡೆದೆ. ಅದಕ್ಕಿಂತ ಮೊದಲು ದರೋಜಿಯ ಬಗ್ಗೆ, ಮಾವನವರ ಬಗ್ಗೆ ಕೇಳಿ, ನಡುವೆ ಬಾಯಿಹಾಕದೆ ಕೇಳಿಸಿಕೊಳ್ಳಿ ಎಂದೆ. ಮುಂದಿನ ಸಲ ಬಂದಾಗ ಅವರಿಗೆ ಮಾವ ಓಡಿಸುತ್ತಿದ್ದ ಸ್ಕೂಟರಿನ ಬಣ್ಣವೂ ಗೊತ್ತಿತ್ತು. ಪತ್ನಿ ಸದ್ಯಕ್ಕೆ ಎಲ್ಲಿಗೂ ಹೋಗುವುದು ಬೇಡವೆಂದು ತೀರ್ಮಾನಿಸಿದ್ದರು, ಪತಿ ಅದಕ್ಕೆ ಮರುಮಾತಾಡಿರಲಿಲ್ಲ. ನೌಕರಿಯ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಊರಿಗೆ ಮರಳಿ ಬ್ಯಾಂಕ್ ಕೆಲಸಕ್ಕೆ ಪ್ರಯತ್ನಿಸುವ ಮಾತನ್ನೂ ಪತ್ನಿ ಎತ್ತಿದ್ದಾರೆ, ಆ ಕುರಿತ ಸಮಾಲೋಚನೆ ನಡೆಯುತ್ತಿದೆ.