ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿರಿಯ ವಿದ್ಯಾರ್ಥಿಗಳ ಸಂಘ ಯಾರಿಗಾಗಿ?

ಪ್ರಶ್ನೆ: ಮಾನ್ಯರೆ, ನಾನು ಹಾವೇರಿ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕ. ನಾನು ಓದಿದ ವಿಶ್ವವಿದ್ಯಾಲಯದ ಹಿರಿಯ ವಿದ್ಯಾರ್ಥಿಗಳ ಸಂಘದಿಂದ ಆಜೀವ ಸದಸ್ಯನಾಗಬೇಕೆಂದು ಪತ್ರ ಬಂದಿದೆ. ದೊಡ್ಡ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕರೆಸಿ ಶಾಲು ಹೊದಿಸುವುದನ್ನು ಬಿಟ್ಟು ಇಂಥ ಸಂಘಗಳು ಬೇರೇನು ಮಾಡುತ್ತವೆ? ನನ್ನಂಥವನು ಸೇರಿ ಪ್ರಯೋಜನವೇನು?

ಉತ್ತರ: ನಿಮ್ಮ ಸಂಶಯಕ್ಕೆ ಕಾರಣವಿದೆ. ವಿಶ್ವವಿದ್ಯಾಲಯಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯು ತನ್ನ ಐದನೆಯ ಮಾನದಂಡದಲ್ಲಿ ನೋಂದಾಯಿತ ಹಿರಿಯ ವಿದ್ಯಾರ್ಥಿಗಳ ಸಂಘವಿದೆಯೇ, ಅದರ ಕೊಡುಗೆ ಏನು ಎಂದು ಕೇಳುತ್ತ ಬಂದಿದ್ದರಿಂದ, ತಂಡವು ಪರಿಶೀಲನೆಗೆ ಬರುವ ಮೊದಲು ಅವಸರದಲ್ಲಿ ನೋಂದಣಿಯಾಗಿ, ತಂಡ ಹಿಂದಿರುಗಿದ ಮೇಲೆ ಮತ್ತೆ ಸಭೆ ಸೇರದ ಸಂಘಗಳೂ ಇವೆ. ಆದ್ದರಿಂದ ಹಣ ಕಟ್ಟುವ ಮೊದಲು ಕೆಲವು ಸಂಗತಿಗಳನ್ನು ವಿಚಾರಿಸಿ. ನಮ್ಮಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ಏಳು ಜನ ಸೇರಿದರೆ ಸಂಘ ಕಟ್ಟಬಹುದು, ಆದರೆ ಕಟ್ಟಿದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಲೇಬೇಕು. ಕಳೆದ ಸಭೆ ಯಾವಾಗ ನಡೆಯಿತು, ಆಜೀವ ಸದಸ್ಯತ್ವದ ಹಣ ಯಾವ ಖಾತೆಯಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೆ ಕಾರ್ಯದರ್ಶಿಗಳು ನೇರವಾಗಿ ಉತ್ತರ ಕೊಟ್ಟರೆ ಆ ಸಂಘಕ್ಕೆ ಜೀವವಿದೆ ಎಂದು ತಿಳಿಯಬಹುದು.

ಸನ್ಮಾನಗಳನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಸಂಘದ ನಿಜವಾದ ಆಸ್ತಿ ಅದರ ಸದಸ್ಯರ ದಾಖಲೆ ಪುಸ್ತಕ. ಯಾವ ವರ್ಷ ಯಾವ ವಿಭಾಗದಿಂದ ಹೊರಬಂದವರು ಈಗ ಯಾವ ಊರಿನಲ್ಲಿ ಯಾವ ಕೆಲಸದಲ್ಲಿದ್ದಾರೆ ಎಂಬುದು ಅಲ್ಲಿ ಸರಿಯಾಗಿ ದಾಖಲಾಗಿದ್ದರೆ, ಮನೆಯಲ್ಲಿ ಮೊದಲ ಬಾರಿಗೆ ಎಂ.ಎಸ್‌ಸಿ. ಓದಲು ಬಂದ ಹುಡುಗಿಯೊಬ್ಬಳು ಮುಂದೇನು ಎಂದು ಕೇಳಿದಾಗ, ಅದೇ ಬೆಂಚಿನಲ್ಲಿ ಕೂತು ಹೋದ ಒಬ್ಬರ ಜೊತೆ ಅವಳನ್ನು ಮಾತಾಡಿಸಬಹುದು. ನಗರದ ಸುಶಿಕ್ಷಿತ ಮನೆಗಳ ಮಕ್ಕಳಿಗೆ ಇಂಥ ಮಾತು ಊಟದ ಹೊತ್ತಿನಲ್ಲಿ ಚಿಕ್ಕಪ್ಪನಿಂದಲೋ ಅತ್ತೆಯಿಂದಲೋ ಸಿಕ್ಕಿಬಿಡುತ್ತದೆ. ಉಳಿದವರಿಗೆ ಅದನ್ನು ಒದಗಿಸುವುದೇ ಸಂಘದ ಮೊದಲ ಕೆಲಸವೆಂದು ನಾನು ನಂಬಿದ್ದೇನೆ. ಬಿ.ಇಡಿ. ಮಾಡಬೇಕೆ, ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಹೇಗೆ ಸಿದ್ಧವಾಗಬೇಕು, ಹಳ್ಳಿಯ ಶಾಲೆಯ ಮೊದಲ ವರ್ಷ ಹೇಗಿರುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ವಿದೇಶದ ಕಂಪನಿಯ ಮುಖ್ಯಸ್ಥರಿಗಿಂತ ನೀವೇ ಹೆಚ್ಚು ಬೇಕಾದವರು.

ಇನ್ನೊಂದು ಕಾರಣವೂ ಇದೆ. ಮುಂಬೈ ವಿಶ್ವವಿದ್ಯಾಲಯದಲ್ಲಿ ನೋಂದಾಯಿತ ಪದವೀಧರರು ಮತ ಹಾಕಿ ಸೆನೆಟ್ ಎಂಬ ಪ್ರಾತಿನಿಧಿಕ ಸಭೆಗೆ ಹತ್ತು ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತಾರೆ. ನಮ್ಮ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಅಂಥ ಸೆನೆಟ್ ಇಲ್ಲ. ವಿಭಾಗದಲ್ಲಿ ಖಾಯಂ ಅಧ್ಯಾಪಕರಿಲ್ಲದಿದ್ದರೆ, ಗ್ರಂಥಾಲಯದ ಸಮಯ ಕಡಿತವಾದರೆ, ಪದವೀಧರರು ಒಟ್ಟಾಗಿ ಮಾತಾಡಲು ಸಂಘವನ್ನು ಬಿಟ್ಟರೆ ಹೆಚ್ಚಿನ ದಾರಿಗಳಿಲ್ಲ.

ಪ್ರಶ್ನೆ: ನಾನು 1978ರಲ್ಲಿ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಎಂ.ಎ. ಮುಗಿಸಿದೆ. ಪದವಿ ಪತ್ರದಲ್ಲಿ ಮೈಸೂರು ವಿಶ್ವವಿದ್ಯಾಲಯವೆಂದಿದೆ. ನಾನು ಯಾವ ಸಂಘಕ್ಕೆ ಸೇರಿದವಳು? ನನ್ನ ಅಂಕಪಟ್ಟಿ ಕಳೆದಿದ್ದು, ಸಂಘದ ಮೂಲಕ ಅದರ ನಕಲು ಸಿಗಬಹುದೇ?

ಉತ್ತರ: ನೀವು ಎರಡಕ್ಕೂ ಸೇರಿದವರು, ತಾಯಿ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವು 1968ರಲ್ಲಿ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ನಿಮಗೆ ಪದವಿ ಕೊಟ್ಟದ್ದು ಮೈಸೂರು, ನೀವು ಪಾಠ ಕೇಳಿದ್ದು ಕೊಣಾಜೆಯ ಗುಡ್ಡದ ಮೇಲೆ. ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನವರದೂ ಇದೇ ಕಥೆ: 1917ರಲ್ಲಿ ಆರಂಭವಾದ ಆ ಕಾಲೇಜು ಮೈಸೂರು ವಿಶ್ವವಿದ್ಯಾಲಯದಲ್ಲಿದ್ದು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿ, 2021ರ ಕಾಯ್ದೆಯಿಂದ ಸ್ವತಂತ್ರ ಸಂಸ್ಥೆಯಾಗಿದೆ, ಅಜ್ಜ, ಮಗಳು, ಮೊಮ್ಮಗ ಒಂದೇ ಕಟ್ಟಡದಲ್ಲಿ ಓದಿದ್ದರೂ ಮೂವರ ಪದವಿ ಪತ್ರದ ಮುದ್ರೆ ಬೇರೆ ಬೇರೆ ಇರಬಹುದು. ಮುದ್ರೆಯನ್ನು ನೋಡಿ ಸದಸ್ಯತ್ವ ನಿರಾಕರಿಸುವುದು ಸರಿಯಲ್ಲ.

ಅಂಕಪಟ್ಟಿಯ ವಿಷಯ ಮಾತ್ರ ಬೇರೆ. ಅದನ್ನು ಕೊಡುವ ಅಧಿಕಾರ ಸಂಘಕ್ಕಿಲ್ಲ. ನೀವು ಮೈಸೂರಿನ ಕುಲಸಚಿವರ ಮೌಲ್ಯಮಾಪನ ವಿಭಾಗಕ್ಕೇ ಅರ್ಜಿ ಹಾಕಬೇಕು. ನೋಂದಣಿ ಸಂಖ್ಯೆ ನೆನಪಿಲ್ಲದಿದ್ದರೆ ಪದವಿ ಪತ್ರದ ಪ್ರತಿಯನ್ನು ಲಗತ್ತಿಸಿ. ದೂರದ ಊರಿನಲ್ಲಿರುವ ಹಿರಿಯರಿಗೆ ಅರ್ಜಿ ಯಾವ ಕೌಂಟರಿನಲ್ಲಿದೆ ಎಂದು ವಿಚಾರಿಸಿ ಹೇಳಲು ಒಬ್ಬ ಸ್ವಯಂಸೇವಕರನ್ನು ಇಟ್ಟುಕೊಳ್ಳುವುದು ಯಾವ ಸಂಘಕ್ಕೂ ಭಾರವಾಗದು.

ಪ್ರಶ್ನೆ: ಕೆನಡಾದಲ್ಲಿರುವ ನನ್ನ ಮಗ ತಾನು ಓದಿದ ವಿಭಾಗದ ಬಡ ವಿದ್ಯಾರ್ಥಿಗಳಿಗಾಗಿ ಸಂಘದ ಮೂಲಕ ಹಣ ಕೊಡಲು ಬಯಸಿದ್ದಾನೆ. ಯಾವ ಎಚ್ಚರ ವಹಿಸಬೇಕು?

ಉತ್ತರ: ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ನೋಡಿ. ಅವರು ಇನ್ನೂ ಭಾರತದ ಪ್ರಜೆಯಾಗಿದ್ದು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ, ಎಷ್ಟು ವರ್ಷದಿಂದ ಹೊರದೇಶದಲ್ಲಿದ್ದರೂ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಕೆನಡಾದ ಪೌರತ್ವ ಪಡೆದಿದ್ದರೆ, ಅವರ ಬಳಿ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅದನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ ಆ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ಒಳ್ಳೆಯ ಮನಸ್ಸಿನಿಂದ ಕಳಿಸಿದ ಹಣ ಕಾರ್ಯದರ್ಶಿಗಳನ್ನು ತೊಂದರೆಗೆ ಸಿಲುಕಿಸಬಾರದು. ನೀವೇ ಹಣ ಕೊಡಲು ಬಯಸಿದರೆ, ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ಎಂದು ಎಲ್ಲರೂ ಬಲ್ಲ ಆದಾಯ ತೆರಿಗೆ ರಿಯಾಯಿತಿಗೆ ಸಂಘವು ಅರ್ಹವಾಗಿದೆಯೇ ಎಂದು ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದು ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ.

ಹಣ ಹೇಗೆ ಬಳಕೆಯಾಗಬೇಕೆಂಬುದರ ಬಗ್ಗೆ ನನ್ನದೊಂದು ಸಲಹೆ. ನಮ್ಮಲ್ಲಿ ದತ್ತಿ ಎಂದರೆ ಘಟಿಕೋತ್ಸವದ ಚಿನ್ನದ ಪದಕವೇ ಮನಸ್ಸಿಗೆ ಬರುತ್ತದೆ. ಅದು ಗೌರವದ ಸಂಗತಿ, ಆದರೆ ಅದು ಸಿಗುವುದು ಓದು ಮುಗಿದ ಮೇಲೆ. ವಿದ್ಯಾರ್ಥಿವೇತನ ತಡವಾಗಿ ಕೈಸೇರುವ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಹಾಸ್ಟೆಲ್ ಶುಲ್ಕ, ಊಟದ ಬಿಲ್ಲು ಕಟ್ಟಲಾಗದೆ ಒದ್ದಾಡುತ್ತಾರೆ. ಓದು ಬಿಟ್ಟು ಊರಿಗೆ ಮರಳುವ ಯೋಚನೆ ಬರುವುದೂ ಆ ತಿಂಗಳುಗಳಲ್ಲೇ. ಆಗ ನೆರವಾಗುವ ಸಣ್ಣ ನಿಧಿಯೊಂದನ್ನು ಇಡಿಸಿ. ಯಾರು ಆಯ್ಕೆ ಮಾಡಬೇಕು, ಎಷ್ಟು ದಿನದೊಳಗೆ ಕೊಡಬೇಕು, ವಿಭಾಗ ಮುಚ್ಚಿದರೆ ಹಣ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಒಪ್ಪಂದದಲ್ಲಿ ಬರಹದಲ್ಲಿರಲಿ.

ಪ್ರಶ್ನೆ: ನಮ್ಮ ಸಂಘದವರು ಎಲ್ಲ ಸದಸ್ಯರ ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಲು ಹೊರಟಿದ್ದಾರೆ. ಇದು ಸರಿಯೇ? (ಒಬ್ಬ ಓದುಗರು, ತುಮಕೂರು)

ಉತ್ತರ: ಪ್ರತಿಯೊಬ್ಬರ ಒಪ್ಪಿಗೆ ಕೇಳದೆ ಮಾಡಬಾರದು. ವೈಯಕ್ತಿಕ ಮಾಹಿತಿಯನ್ನು ಯಾವ ಉದ್ದೇಶಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ. ಹೆಸರು, ವಿಭಾಗ, ವರ್ಷ, ಊರು ಇಷ್ಟನ್ನೇ, ಅದೂ ಒಪ್ಪಿದವರದ್ದನ್ನು ಮಾತ್ರ, ಅಚ್ಚು ಹಾಕಿಸಿ. ಫೋನ್ ಸಂಖ್ಯೆ ಕಾರ್ಯದರ್ಶಿಗಳ ಬಳಿ ಉಳಿಯಲಿ, ಬೇಕಾದವರು ಅವರ ಮೂಲಕ ಕೇಳಲಿ. ಪಟ್ಟಿ ಮಾಡುವಾಗ ಮದುವೆಯ ನಂತರ ಹೆಸರು ಬದಲಾದ ಮಹಿಳೆಯರ ಹಳೆಯ ಹೆಸರನ್ನೂ, ಅವರು ಒಪ್ಪಿದರೆ, ಪಕ್ಕದಲ್ಲಿ ಕಾಣಿಸಿ. ಸಹಪಾಠಿಗಳು ಅವರನ್ನು ಹುಡುಕುವುದು ಹಾಜರಿ ಪುಸ್ತಕದಲ್ಲಿದ್ದ ಆ ಹೆಸರಿನಿಂದಲೇ.